ಗಂಜಿ ಕೇಂದ್ರದಲ್ಲಿ ನೊಂದವರ ಪಕ್ಕ ಕೂರುವುದು ಹೇಗೆ

"ಟೀಚರೇ, ನಾನು ಹಗ್ಗ ಬಿಚ್ಚಿದ್ದೇನಾ?"

2018ರ ಆಗಸ್ಟ್‌ನಲ್ಲಿ ಒಬ್ಬರು ಅಜ್ಜಿ ಮೂರು ದಿನ ನನ್ನ ಹತ್ತಿರ ಕೇಳಿದ್ದು ಇದೊಂದೇ ಮಾತು. ಕೊಡಗಿನ ಜೋಡುಪಾಲ, ಎರಡನೇ ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಮಡಿಕೇರಿ ರಸ್ತೆಯೇ ಕಡಿದುಹೋಗಿತ್ತು. ಮೇಲಿನ ಜನ ಉಟ್ಟ ಬಟ್ಟೆಯಲ್ಲಿ ಇಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಗಂಜಿ ಕೇಂದ್ರಗಳಿಗೆ ಬಂದಿದ್ದರು. ನಾನು ಆ ಸೀಮೆಯ ಪ್ರೈಮರಿ ಶಾಲೆ ಟೀಚರ್. ಬೆಂಚು ಸರಿಸಿ ಚಾಪೆ ಹಾಸಲು ಅಂತ ಹೋದವಳು ಮೂರು ವಾರ ಅಲ್ಲೇ ಉಳಿದೆ.

ಅಜ್ಜಿಯ ಹಟ್ಟಿಯಲ್ಲಿ ಒಂದು ಗಬ್ಬದ ದನ ಇತ್ತು. ಗುಡ್ಡದ ಸದ್ದು ಕೇಳಿದ್ದೇ ಮಗ ಅವರ ಕೈ ಹಿಡಿದು ಎಳೆದುಕೊಂಡು ಓಡಿದ್ದ. ಓಡುವ ಮುಂಚೆ ಹಟ್ಟಿಗೆ ಹೋಗಿದ್ದು ಅಜ್ಜಿಗೆ ನೆನಪಿದೆ. ಹಗ್ಗ ಬಿಚ್ಚಿದ್ದು ನೆನಪಿಲ್ಲ. ನಾನು ಅವರ ಬೆನ್ನು ಸವರಿ, "ಬಿಚ್ಚಿರ್ತೀರಿ ಅಜ್ಜಿ, ಎಲ್ಲೋ ಮೇಯ್ತಾ ಇರ್ತದೆ, ಚಿಂತೆ ಮಾಡ್ಬೇಡಿ" ಅಂದೆ. ಮೂರು ದಿನವೂ ಅದನ್ನೇ ಅಂದೆ. ಆಮೇಲೆ ಮಗ ಹೇಗೋ ಮೇಲೆ ಹೋಗಿ ನೋಡಿ ಬಂದ. ದನ ಗೂಟದಲ್ಲೇ ಇತ್ತು. ಅವತ್ತಿನಿಂದ ಅಜ್ಜಿ ನನ್ನ ಮುಖ ನೋಡಲಿಲ್ಲ.

ನನಗೆ ಗೊತ್ತಿಲ್ಲದ್ದನ್ನು ನಾನು ಗೊತ್ತಿದ್ದ ಹಾಗೆ ಹೇಳಿದ್ದೆ. ಪಾಪ ಅಂತಲೇ ಹೇಳಿದ್ದೆ. ಆದರೂ ಅದು ಸುಳ್ಳು. ಎಲ್ಲ ಕಳೆದುಕೊಂಡವರಿಗೆ ಉಳಿದಿರುವುದು ನಿಮ್ಮ ಮಾತೊಂದೇ. ಅದೂ ಸುಳ್ಳಾದರೆ ಅವರು ಏನನ್ನು ಹಿಡಿದುಕೊಳ್ಳಬೇಕು?

ಆ ತಪ್ಪಿನ ನಂತರ ತರಬೇತಿ ತೆಗೆದುಕೊಂಡು, ಊರಿನ ಹನ್ನೊಂದು ಜನ ಸೇರಿ ಒಂದು ತಂಡ ಮಾಡಿಕೊಂಡೆವು. ಬದುಕಿರುವವರನ್ನು ಮಣ್ಣಿನಿಂದ ಎತ್ತುವುದು ನಮ್ಮ ಕೆಲಸ ಅಲ್ಲ. ಅದಕ್ಕೆ ಅಗ್ನಿಶಾಮಕದವರು, ಎನ್‌ಡಿಆರ್‌ಎಫ್‌ನವರು ಇದ್ದಾರೆ. ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದ ಮೇಲೆ ಅವರ ಪಕ್ಕ ಯಾರಾದರೂ ಕೂರಬೇಕಲ್ವಾ, ಆ ಕೆಲಸ ನಮ್ಮದು. ನಿಮ್ಮ ಊರಲ್ಲೂ ಇಂಥ ತಂಡ ಬೇಕು ಅಂತ ಅನ್ನಿಸಿದರೆ, ನಾವು ಮಾಡಿಕೊಂಡು ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ತಂಡ ಕಟ್ಟುವುದು ಮಳೆಗಾಲದ ಮುಂಚೆ

ಹತ್ತು ಹನ್ನೆರಡು ಜನ ಸಾಕು. ಜಾಸ್ತಿ ಓದಿದವರೇ ಬೇಕು ಅಂತ ಇಲ್ಲ. ನಮ್ಮಲ್ಲಿ ಒಬ್ಬರು ಆಶಾ ಕಾರ್ಯಕರ್ತೆ, ಇಬ್ಬರು ಅಂಗನವಾಡಿಯವರು, ಒಬ್ಬರು ನಿವೃತ್ತ ನರ್ಸ್, ಸೊಸೈಟಿಯ ಗುಮಾಸ್ತರು, ಜೀಪ್ ಓಡಿಸುವ ಹುಡುಗ, ಸ್ವಸಹಾಯ ಸಂಘದ ಅಧ್ಯಕ್ಷೆ, ಕಾಲೇಜಿನ ಇಬ್ಬರು ಮಕ್ಕಳು ಇದ್ದಾರೆ. ಜೀಪಿನ ಹುಡುಗ ನಮ್ಮ ದೊಡ್ಡ ಆಸ್ತಿ. ಯಾವ ತಿರುವಿನಲ್ಲಿ ಯಾರ ಮನೆ, ಆ ಮನೆಯಲ್ಲಿ ಎಷ್ಟು ಜನ, ಯಾರು ಹಾಸಿಗೆ ಹಿಡಿದಿದ್ದಾರೆ, ಎಲ್ಲ ಅವನಿಗೆ ಗೊತ್ತು.

ಭಾಷೆ ನೋಡಿ ಜನರನ್ನು ಆರಿಸಿ. ನಮ್ಮ ಕಡೆ ಅರೆಭಾಷೆ, ತುಳು, ಕನ್ನಡ, ಮಲಯಾಳ ಎಲ್ಲ ಒಂದೇ ಸಾಲುಮನೆಯಲ್ಲಿ ಕೇಳಿಸುತ್ತವೆ. ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳರಿದ್ದಾರೆ. ಘಟ್ಟದ ಮೇಲೆ ಹೋದರೆ ಕೊಡವ ಭಾಷೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರೂ ಇದ್ದಾರೆ. ಗಾಬರಿಯಲ್ಲಿ ಮನುಷ್ಯ ತಾಯಿಭಾಷೆಗೆ ಜಾರುತ್ತಾನೆ. ಚೆನ್ನಾಗಿ ಕನ್ನಡ ಬರುವ ಅಜ್ಜಿಯೂ ಅವತ್ತು ಬರೀ ಅರೆಭಾಷೆಯಲ್ಲಿ ಮಾತಾಡುತ್ತಿದ್ದರು.

ಯಾರನ್ನು ಸೇರಿಸಬಾರದು? ಸ್ವಂತ ಮನೆ ಹೋದವರನ್ನು ಆ ವರ್ಷ ಕೆಲಸಕ್ಕೆ ಹಚ್ಚಬೇಡಿ, ಅವರಾಗಿಯೇ ಬಂದರೂ ಅಡುಗೆ, ಸಾಮಾನು ಹಂಚುವ ಕೆಲಸ ಕೊಡಿ. ಮನೆಯಲ್ಲಿ ಇತ್ತೀಚೆಗೆ ಸಾವಾದವರಿಗೂ ಇದೇ ಮಾತು. ಪಕ್ಷದ ಶಾಲು ಹಾಕಿಕೊಂಡು ಬರುವವರು, ತಮ್ಮ ದೇವರ ಮಹಿಮೆ ಹೇಳಲು ಬರುವವರು ಬೇಡ. ಇನ್ನೊಬ್ಬರು ಮಾತಾಡುವಾಗ ಐದು ನಿಮಿಷ ಬಾಯಿ ಮುಚ್ಚಿ ಕೂರಲು ಆಗದವರೂ ಬೇಡ. ಅವರಿಗೆ ಬೇರೆ ಒಳ್ಳೆಯ ಕೆಲಸ ಎಷ್ಟೋ ಇದೆ.

ತರಬೇತಿಗೆ ತಾಲೂಕು ಆರೋಗ್ಯಾಧಿಕಾರಿಗಳ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಪ್ರತಿ ಜಿಲ್ಲೆಗೂ ಒಂದು ತಂಡ ಇರುತ್ತದೆ. ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ಅನುಭವ ಇದೆ. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಎಷ್ಟೋ ಮಕ್ಕಳು ಸತ್ತಾಗ, ಆ ಮನೆಗಳವರ ದುಃಖವನ್ನು ನಿಮ್ಹಾನ್ಸ್‌ನವರು ಹತ್ತಿರದಿಂದ ನೋಡಿ ದಾಖಲಿಸಿದ್ದರು. ಆಮೇಲೆ ಭೋಪಾಲ್, ಲಾತೂರು, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎಲ್ಲ ಕಡೆಯೂ ಹೋದರು. ಮನೋವೈದ್ಯರು ಎಷ್ಟು ಜನ ಇದ್ದರೂ ಸಾಲುವುದಿಲ್ಲ, ಆ ಊರಿನವರಿಗೇ ಕಲಿಸಬೇಕು ಅನ್ನುವ ಪದ್ಧತಿ ಬೆಳೆದದ್ದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಇಡೀ ಕೆಲಸವನ್ನು ಮೂರು ಮಾತಿನಲ್ಲಿ ಹೇಳಿದ್ದಾರೆ: ನೋಡು, ಕೇಳು, ಜೋಡಿಸು. ನಮ್ಮ ತಂಡದ ಕಾರ್ಡಿನ ಹಿಂದೆಯೂ ಇದನ್ನೇ ಬರೆದುಕೊಂಡಿದ್ದೇವೆ.

ಒಂದು ದಿನದ ತರಬೇತಿಯಲ್ಲಿ ಅರ್ಧ ದಿನ ಬರೀ ಅಭ್ಯಾಸಕ್ಕೆ ಇಡಿ. ಒಬ್ಬರು ಮನೆ ಕಳೆದುಕೊಂಡವರಾಗಿ ಕೂರಲಿ, ಇನ್ನೊಬ್ಬರು ಬಂದು ಮಾತಾಡಿಸಲಿ. ಕೇಳಲು ಸುಲಭ. ಮಾಡಲು ಹೋದಾಗ ನಾವು ಎಷ್ಟು ಬೇಗ ಬುದ್ಧಿ ಹೇಳಲು ಶುರು ಮಾಡುತ್ತೇವೆ ಅಂತ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಪತ್ರ. ಪಿಡಿಒ ಮತ್ತು ತಹಶೀಲ್ದಾರರಿಗೆ ತಂಡದವರ ಹೆಸರು, ಫೋನ್, ಬರುವ ಭಾಷೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕರೆದರೆ ಮಾತ್ರ ಹೋಗಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಯಿತು. ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ತೋಟದ ಕೆಲಸಕ್ಕೆ ಹೋದವರೂ ಅಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಡುಗರು ಬ್ಯಾಗು ಕಟ್ಟಿ ನಿಂತಿದ್ದರು. ನಾನು ತಡೆದೆ. ಅವರಿಗೆ ಕೋಪ ಬಂತು. ಆದರೆ ರಸ್ತೆ ಇಲ್ಲದ ಜಾಗಕ್ಕೆ ಯಾರೂ ಕರೆಯದೆ ಹೋದರೆ, ಆ ಊರಿನವರು ನಮಗೂ ಅನ್ನ, ಜಾಗ, ಕಾವಲು ಹುಡುಕಬೇಕು. "ನಮ್ಮಲ್ಲಿ ಕನ್ನಡ, ತಮಿಳು, ಮಲಯಾಳ ಬರುವವರು ಇದ್ದಾರೆ, ಬೇಕಿದ್ದರೆ ಹೇಳಿ" ಅಂತ ತಿಳಿಸಿ ಕಾಯುವುದೂ ಕೆಲಸವೇ.

ಮೊದಲ ದಿನ: ನೋಡುವುದು

ಒಬ್ಬೊಬ್ಬರೇ ಹೋಗಬೇಡಿ. ಇಬ್ಬರಿಬ್ಬರು ಹೋಗಿ, ಅದರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಹೋದ ಕೂಡಲೇ ಕೇಂದ್ರದ ಉಸ್ತುವಾರಿ ಇರುವ ನೋಡಲ್ ಅಧಿಕಾರಿಯ ಹತ್ತಿರ ಹೆಸರು ಬರೆಸಿ.

ಚೀಲದಲ್ಲಿ ನೋಟ್‌ಬುಕ್, ಎರಡು ಪೆನ್ನು, ಎಲ್ಲ ತರದ ಪಿನ್ ಇರುವ ಚಾರ್ಜರ್, ಪವರ್ ಬ್ಯಾಂಕ್, ಟಾರ್ಚು, ಪ್ಯಾಡು, ಟವೆಲ್ ಇರಲಿ. ಓದುವ ಕನ್ನಡಕ ಐದಾರು ಜೊತೆ ಇಟ್ಟುಕೊಳ್ಳಿ. ಓಡುವಾಗ ಕನ್ನಡಕ ಯಾರೂ ತರುವುದಿಲ್ಲ, ಆಮೇಲೆ ಫೋನಿನ ನಂಬರೂ ಕಾಣದೆ ವಯಸ್ಸಾದವರು ಒದ್ದಾಡುತ್ತಾರೆ. ನಮ್ಮ ಕಡೆ ಎಲೆ ಅಡಿಕೆ ಸುಣ್ಣವನ್ನೂ ಒಯ್ಯುತ್ತೇವೆ, ಹೊಗೆಸೊಪ್ಪು ಮಾತ್ರ ಒಯ್ಯುವುದಿಲ್ಲ. ಎರಡು ದಿನ ತುಟಿ ಬಿಚ್ಚದ ಅಜ್ಜ ಒಬ್ಬರು ಎಲೆಗೆ ಸುಣ್ಣ ಸವರುತ್ತಾ ತಾವಾಗಿಯೇ ಮಾತಿಗೆ ಬಂದದ್ದನ್ನು ನೋಡಿದ್ದೇನೆ.

ಒಳಗೆ ಹೋದ ಮೇಲೆ ಹತ್ತು ನಿಮಿಷ ಯಾರನ್ನೂ ಮಾತಾಡಿಸಬೇಡಿ. ಸುಮ್ನೆ ನಿಂತು ನೋಡಿ. ಗಾಯ, ಎದೆನೋವು, ಉಸಿರುಕಟ್ಟು ಇದ್ದವರು ಮೊದಲು, 108ಕ್ಕೆ ಫೋನ್ ಮಾಡಿ. ಆಮೇಲೆ ಊಟದ ಸಾಲಿಗೆ ಬರದವರು ಯಾರು ನೋಡಿ. ಗೋಡೆ ಕಡೆ ತಿರುಗಿ ಕೂತವರು ಯಾರು, ಜೊತೆಗೆ ದೊಡ್ಡವರಿಲ್ಲದ ಮಗು ಯಾವುದು, ಗರ್ಭಿಣಿ ಎಲ್ಲಿದ್ದಾರೆ, ಕಿವಿ ಕೇಳದವರು ಯಾರು. ಜೋರಾಗಿ ಅಳುವವರ ಹತ್ತಿರ ಹೇಗೂ ನಾಲ್ಕು ಜನ ಸೇರಿರುತ್ತಾರೆ. ನೀವು ಮೂಲೆ ನೋಡಿ.

ಕೇಳುವುದು

ನಿಂತುಕೊಂಡು ಮಾತಾಡಬೇಡಿ. ಅವರು ಚಾಪೆಯಲ್ಲಿದ್ದರೆ ನೀವೂ ಚಾಪೆಯಲ್ಲಿ ಕೂರಿ, ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ನಾನು ಶುರು ಮಾಡುವುದು ಹೀಗೆ: "ನಾನು ಇಲ್ಲೇ ಕೆಳಗಿನ ಊರಿನ ಟೀಚರ್. ಇಲ್ಲಿ ಸಹಾಯಕ್ಕೆ ಅಂತ ಬಂದಿದ್ದೇನೆ. ಸ್ವಲ್ಪ ಹೊತ್ತು ಇಲ್ಲಿ ಕೂರಲಾ ಅಕ್ಕಾ?" ಬೇಡ ಅಂದರೆ, "ಸರಿ ಅಕ್ಕಾ, ಅಲ್ಲಿ ಜಗಲಿಯಲ್ಲಿ ಇರ್ತೇನೆ" ಅಂತ ಹೇಳಿ ಏಳಬೇಕು. ಬೇಡ ಅನ್ನುವ ಹಕ್ಕಾದರೂ ಅವರ ಕೈಯಲ್ಲಿ ಉಳಿಯಲಿ.

"ಏನಾಯ್ತು? ಹೇಗಾಯ್ತು? ಎಷ್ಟು ಜನ ಹೋದ್ರು?" ಅಂತ ಕೆದಕಬೇಡಿ. ಬಂದವರೆಲ್ಲ ಅದನ್ನೇ ಕೇಳಿರುತ್ತಾರೆ. ಹಿಂದೆ, ಘಟನೆಯಾದ ಎರಡು ಮೂರು ದಿನದಲ್ಲಿ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಅಂತ ನಂಬಿದ್ದರು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಅಂತ ಈಗ ಗೊತ್ತಾಗಿದೆ. ಅವರಾಗಿಯೇ ಹೇಳಿದರೆ ಪೂರ್ತಿ ಕೇಳಿ. ಮಧ್ಯದಲ್ಲಿ ನಿಲ್ಲಿಸಿದರೆ ಅಲ್ಲಿಗೇ ಬಿಡಿ. ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ಈಗ ಏನು ಬೇಕು? ಯಾರಿಗಾದರೂ ಫೋನ್ ಮಾಡಬೇಕಾ? ದಿನಾ ತಗೊಳ್ಳುವ ಮಾತ್ರೆ ಏನಾದರೂ ಇತ್ತಾ?

ಮಾತ್ರೆಯ ಪ್ರಶ್ನೆ ಮರೆಯಲೇಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಜನ ಹೇಳುತ್ತಾರೆ. ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ಅಂದರೆ ನಾಚಿಕೆಯಿಂದ ಹೇಳುವುದಿಲ್ಲ. ಅವು ತಪ್ಪಿದರೆ ಅಪಾಯ. ಅದಕ್ಕೆ ಎಲ್ಲರ ಎದುರು ಕೇಳದೆ ಬದಿಗೆ ಕರೆದು ಕೇಳಿ.

ಬಾಯಿಗೆ ಬಂದರೂ ನುಂಗಿಕೊಳ್ಳಬೇಕಾದ ಮಾತುಗಳಿವೆ. "ಜೀವ ಉಳಿಯಿತಲ್ಲ, ಅದೇ ದೊಡ್ಡದು." "ಎಲ್ಲ ದೇವರ ಇಚ್ಛೆ." "ಪಕ್ಕದವರನ್ನು ನೋಡಿ, ಅವರ ಕಷ್ಟದ ಮುಂದೆ ನಿಮ್ಮದೇನು." "ಮಕ್ಕಳ ಎದುರು ಅಳಬಾರದು." "ನೀವು ಇನ್ನೂ ಸ್ವಲ್ಪ ಬೇಗ ಹೊರಡಬೇಕಿತ್ತು." ಇವೆಲ್ಲ ಆಡುವವರಿಗೆ ಸಮಾಧಾನ ಕೊಡುವ ಮಾತು. ಕೇಳುವವರಿಗೆ ಕಲ್ಲು ಹೇರಿದ ಹಾಗೆ.

ಮತ್ತೆ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಇವತ್ತು ಅದೇ ಪ್ರಶ್ನೆ ಬಂದರೆ ನಾನು ಹೇಳುವುದು ಹೀಗೆ: "ನನಗೆ ಗೊತ್ತಿಲ್ಲ ಅಜ್ಜಿ. ಮೇಲೆ ಹೋಗುವ ತಂಡದವರ ಹತ್ತಿರ ನಿಮ್ಮ ಹಟ್ಟಿ ನೋಡಿ ಬರೋಕೆ ಹೇಳ್ತೇನೆ. ನಾಳೆ ಸಂಜೆ ನಾಲ್ಕು ಗಂಟೆಗೆ ಇಲ್ಲಿಗೇ ಬಂದು ಏನು ಗೊತ್ತಾಯ್ತು ಅಂತ ಹೇಳ್ತೇನೆ. ಏನೂ ಗೊತ್ತಾಗದಿದ್ರೂ ಬರ್ತೇನೆ." ಹೇಳಿ ನೋಟ್‌ಬುಕ್ಕಿನಲ್ಲಿ ಅವರ ಎದುರೇ ಬರೆದುಕೊಳ್ಳಬೇಕು. ನಾಳೆ ನಾಲ್ಕು ಗಂಟೆಗೆ ಅಲ್ಲಿ ಇರಬೇಕು. ನಾಲ್ಕೂವರೆಗೆ ಹೋದರೆ ಆಗುವುದಿಲ್ಲ. ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಅಂತಾದರೆ ಇದನ್ನು ನೆನಪಿಡಿ.

ಕೆಲವರಿಗೆ ಇದ್ದಕ್ಕಿದ್ದ ಹಾಗೆ ಮೈ ನಡುಗುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಮುತ್ತಿಕೊಂಡ ಜನರನ್ನು ದೂರ ಕಳಿಸಿ. "ಎರಡೂ ಕಾಲು ನೆಲಕ್ಕೆ ಊರಿ. ನನ್ನ ಜೊತೆ ಉಸಿರು ಬಿಡಿ, ನಿಧಾನಕ್ಕೆ" ಅಂತ ಹೇಳಿ ನೀವೂ ಉದ್ದಕ್ಕೆ ಉಸಿರು ಬಿಡಿ. ಎದುರಿಗೆ ಎಷ್ಟು ಕಿಟಕಿ ಇದೆ, ಗೋಡೆಯ ಮೇಲೆ ಏನು ಬರೆದಿದೆ ಅಂತ ಕೇಳಿ. ಶಾಲೆಯ ಗೋಡೆ ಇದಕ್ಕೆ ಒಳ್ಳೆಯದು, ಮಗ್ಗಿ, ಕಾಗುಣಿತ ಎಲ್ಲ ಇರುತ್ತದೆ. ಒಬ್ಬ ದೊಡ್ಡ ಆಳು ಗೋಡೆಯ ಕಾಗುಣಿತ ಓದುತ್ತಾ ಓದುತ್ತಾ ಉಸಿರಿಗೆ ಬಂದ. ಅದಕ್ಕೂ ತಗ್ಗದಿದ್ದರೆ ವೈದ್ಯರನ್ನು ಕರೆಯಿರಿ.

ಜೋಡಿಸುವುದು

ಬರೀ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ. ಕಳೆದುಹೋದ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಮಗುವಿನ ಅಂಕಪಟ್ಟಿ, ಇವುಗಳ ಅರ್ಜಿ ಬರೆದು ಕೊಟ್ಟರೆ ಎಷ್ಟೋ ಜನರಿಗೆ ರಾತ್ರಿ ನಿದ್ದೆ ಬರುತ್ತದೆ. ಪಂಚನಾಮೆಗೆ ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಯಾವತ್ತು ಬರುತ್ತಾರೆ ಕೇಳಿ ತಿಳಿಸಿ. ಪರಿಹಾರ ಇಷ್ಟು ಸಿಗುತ್ತದೆ, ಮನೆ ಇಂಥ ದಿನ ಸಿಗುತ್ತದೆ ಅಂತ ಮಾತ್ರ ನೀವು ಹೇಳಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ಗಾಳಿಸುದ್ದಿಗೆ ಒಂದು ಕಪ್ಪು ಹಲಗೆ ಮದ್ದು. 2018ರ ಜುಲೈಯಲ್ಲಿ ಕೊಡಗಿನಲ್ಲಿ ಸಣ್ಣದಾಗಿ ಭೂಮಿ ಕಂಪಿಸಿತ್ತು. ಅದಾಗಿ ತಿಂಗಳಲ್ಲಿ ಗುಡ್ಡ ಜರಿದಾಗ ಜನರ ತಲೆಯಲ್ಲಿ ಎರಡೂ ಸೇರಿಕೊಂಡವು. "ಇವತ್ತು ರಾತ್ರಿ ಇನ್ನೊಂದು ಗುಡ್ಡ ಬರುತ್ತದಂತೆ" ಅಂತ ಒಂದು ವಾಯ್ಸ್ ಮೆಸೇಜ್ ಬಂದರೆ ಇಡೀ ಕೇಂದ್ರ ಎದ್ದು ಕೂರುತ್ತಿತ್ತು. ನಾವು ಬೆಳಿಗ್ಗೆ 9ಕ್ಕೆ, ಸಂಜೆ 5ಕ್ಕೆ ಹಲಗೆಯಲ್ಲಿ ಬರೆಯಲು ಶುರು ಮಾಡಿದೆವು. ಏನು ಗೊತ್ತಾಗಿದೆ, ಯಾರು ಹೇಳಿದ್ದು, ಏನು ಇನ್ನೂ ಗೊತ್ತಾಗಿಲ್ಲ. ಹೊಸ ಸುದ್ದಿ ಇಲ್ಲದಿದ್ದರೆ "ಹೊಸ ಸುದ್ದಿ ಇಲ್ಲ" ಅಂತಲೇ ಸಮಯ ಹಾಕಿ ಬರೆದೆವು. ಮೂರನೇ ದಿನದಿಂದ ಜನ ಮೊಬೈಲ್ ಬಿಟ್ಟು ಹಲಗೆ ನೋಡಲು ಬಂದರು.

ಕೈಗೆ ಕೆಲಸ ಕೊಡಿ. ಗಂಡಸರು ದಿನವಿಡೀ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ನೆಂಟರ ಹಾಗೆ ಕೂರಿಸಿ ಬಡಿಸಿದರೆ ಇನ್ನೂ ಕುಗ್ಗುತ್ತಾರೆ. ಲಾರಿಯಿಂದ ಅಕ್ಕಿ ಇಳಿಸುವುದು, ಸೌದೆ ಒಡೆಯುವುದು, ರಾತ್ರಿ ಕಾವಲು, ಎಲ್ಲವನ್ನೂ ಅವರಿಗೇ ಒಪ್ಪಿಸಿ. ಹೆಂಗಸರು ತಾವೇ ಅಡುಗೆ ಮಾಡುತ್ತೇವೆ ಅಂತ ಕೇಳಿದರೆ ದಯವಿಟ್ಟು ಸೌಟು ಅವರ ಕೈಗೆ ಕೊಡಿ.

ಕುಡಿತದ ಬಗ್ಗೆ ಒಂದು ಮಾತು ಹೇಳಲೇಬೇಕು. ದಿನಾ ಕುಡಿಯುತ್ತಿದ್ದವರಿಗೆ ಕೇಂದ್ರದಲ್ಲಿ ಏನೂ ಸಿಗದೆ ಎರಡು ಮೂರು ದಿನಕ್ಕೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. "ಆಘಾತ ಆಗಿದೆ, ಸರಿಹೋಗ್ತಾನೆ" ಅಂತ ಬಿಡಬೇಡಿ. ಇದು ಜೀವಕ್ಕೆ ಅಪಾಯ. ತಕ್ಷಣ ಆಸ್ಪತ್ರೆಗೆ ಕಳಿಸಿ.

ಮಕ್ಕಳು

ಏಳು ವರ್ಷದ ಒಬ್ಬ ಹುಡುಗ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಒಂದರ ಉಂಗುಷ್ಠಕ್ಕೆ ಪಿನ್ನು ಹಾಕಿತ್ತು. ತಾಯಿ ತೆಗೆಯಲು ಹೋದರೆ ಕಿರುಚುತ್ತಿದ್ದ. ಓಡಬೇಕಾಗಿ ಬಂದರೆ ಚಪ್ಪಲಿ ಬೇಕಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ನಾವು ತೆಗೆಸಲಿಲ್ಲ. ಕಾಲಿನ ಕೆಳಗೆ ಒಂದು ಗೋಣಿ ಹಾಸಿಕೊಟ್ಟೆವು. ನಾಲ್ಕನೇ ರಾತ್ರಿ ಚಪ್ಪಲಿ ಕಾಲಿನಿಂದ ತಲೆದಿಂಬಿನ ಪಕ್ಕಕ್ಕೆ ಬಂತು. ಎರಡನೇ ವಾರ ಬಾಗಿಲ ಹತ್ತಿರ, ಬೇರೆಯವರ ಚಪ್ಪಲಿ ಸಾಲಿನಲ್ಲಿ ಇತ್ತು. ಅವತ್ತು ಅವನ ತಾಯಿ ನನ್ನನ್ನು ಕರೆದು ಬೆರಳು ತೋರಿಸಿದರು, ಮಾತು ಹೊರಡಲಿಲ್ಲ.

ಹಾಸಿಗೆ ಒದ್ದೆ ಮಾಡುವುದು, ತಾಯಿಯ ಸೆರಗು ಬಿಡದಿರುವುದು, ಗುಡ್ಡ ಜರಿಯುವ ಆಟವನ್ನೇ ಆಡುವುದು, ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ಬೈಯಬೇಡಿ, ಬಟ್ಟೆ ಬದಲಿಸಿ. ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ನೆಂಟರ ಮನೆಗೆ ಕಳಿಸುವುದಕ್ಕೆ ಅವಸರ ಬೇಡ. ದಿನಕ್ಕೊಂದು ಕ್ರಮ ಇರಲಿ. ನಾವು ಬೆಳಿಗ್ಗೆ ಹತ್ತಕ್ಕೆ ಶಾಲೆಯ ಗಂಟೆ ಹೊಡೆಯುತ್ತಿದ್ದೆವು. ಒಂದು ಕಥೆ, ಒಂದು ಪದ್ಯ, ಲಗೋರಿ. ಗಂಟೆ ಕೇಳಿದರೆ ದೊಡ್ಡವರ ಮುಖವೂ ಸ್ವಲ್ಪ ಸಡಿಲವಾಗುತ್ತಿತ್ತು. "ಗುಡ್ಡ ಬಿದ್ದದ್ದರ ಚಿತ್ರ ಬರೆ" ಅಂತ ಹೇಳಬೇಡಿ. ಬಣ್ಣ ಕೊಟ್ಟು ಸುಮ್ಮನಿರಿ.

ಜೊತೆಗೆ ದೊಡ್ಡವರಿಲ್ಲದ ಮಗು ಸಿಕ್ಕರೆ ಅಧಿಕಾರಿಗೆ ತಿಳಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. "ನಾನು ಇವನ ಮಾವ" ಅಂತ ಯಾರೇ ಬಂದರೂ, ಎಷ್ಟೇ ಅತ್ತರೂ, ಗುರುತು ಖಾತ್ರಿಯಾಗದೆ ಮಗುವನ್ನು ಕೊಡಬಾರದು.

ಕಾಣೆಯಾದವರ ಮನೆಯವರು

ಇದು ಎಲ್ಲಕ್ಕಿಂತ ಕಷ್ಟದ ಕೆಲಸ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ, ಗಂಗಾವಳಿ ಹೊಳೆಯಲ್ಲಿ ಹುಡುಕಾಟ ಸೆಪ್ಟೆಂಬರ್ ಮುಗಿಯುವವರೆಗೂ ನಡೆಯಿತು. ಮನೆಯವರು ಅಷ್ಟೂ ದಿನ ಕಾದರು. ಅಂಥವರ ಹತ್ತಿರ "ಬಂದೇ ಬರ್ತಾರೆ" ಅನ್ನಬೇಡಿ. "ಇನ್ನು ಆಸೆ ಬಿಡಿ" ಅಂತಲೂ ಅನ್ನಬೇಡಿ. ಎರಡೂ ನಮಗೆ ಗೊತ್ತಿಲ್ಲ. ಹುಡುಕಾಟದ ಸುದ್ದಿ ಟಿವಿಗಿಂತ ಮೊದಲು ಮನೆಯವರಿಗೆ ತಲುಪುವ ಹಾಗೆ ಅಧಿಕಾರಿಗಳ ಹತ್ತಿರ ಮಾತಾಡಿ. ದಿನಕ್ಕೆರಡು ಸಲ, ಒಬ್ಬರೇ ವ್ಯಕ್ತಿ, ಅದೇ ಹೊತ್ತಿಗೆ ಹೋಗಿ ಹೇಳಲಿ. ಅನ್ನ ನೀರು ಪಕ್ಕದಲ್ಲಿಡಿ. ಕಾಣೆಯಾದವರ ಹೆಸರು ಹಿಡಿದು ಮಾತಾಡಿ, "ಬಾಡಿ" ಅನ್ನುವ ಶಬ್ದ ನಿಮ್ಮ ಬಾಯಲ್ಲಿ ಬರಬಾರದು.

ಗುರುತು ಹಿಡಿಯಲು ಶವಾಗಾರಕ್ಕೆ ಹೋಗಬೇಕಾದರೆ ಜೊತೆಗೆ ಹೋಗಿ. ಒಳಗೆ ಹೋಗುವ ಮುಂಚೆ ಏನು ಕಾಣಿಸುತ್ತದೆ, ಎಷ್ಟು ಹೊತ್ತು ಆಗುತ್ತದೆ ಅಂತ ಅಲ್ಲಿನವರನ್ನು ಕೇಳಿಕೊಂಡು ಮನೆಯವರಿಗೆ ತಿಳಿಸಿ. ನೋಡಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ಬೊಜ್ಜ (ಉತ್ತರಕ್ರಿಯೆ), ಪ್ರಾರ್ಥನೆ, ಪೂಜೆ, ಅವರವರ ಪದ್ಧತಿ ಏನಿದೆಯೋ ಅದನ್ನು ನಡೆಸಲು ಜಾಗ, ಸಾಮಾನು ಹೊಂದಿಸಿಕೊಡಿ. ಈ ಕೆಲಸ ಮಾಡುವ ಎಷ್ಟೋ ಜನ ಇದನ್ನು ಮರೆಯುತ್ತಾರೆ. ದುಃಖಕ್ಕೆ ನಮ್ಮ ಹಿರಿಯರು ಮಾಡಿಟ್ಟ ದಾರಿ ಇದು.

ಕ್ಯಾಮೆರಾ ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ. ನಮ್ಮ ತಂಡದವರು ಕೇಂದ್ರದ ಒಳಗೆ ಒಂದೂ ಫೋಟೋ ತೆಗೆಯುವುದಿಲ್ಲ, ಸ್ಟೇಟಸ್ ಹಾಕುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮನೆಯಲ್ಲೂ ಹೇಳುವುದಿಲ್ಲ.

ಯಾವಾಗ ಮುಂದಕ್ಕೆ ಕಳಿಸಬೇಕು

ನಿದ್ದೆ ಬರದಿರುವುದು, ಬೆಚ್ಚಿ ಬೀಳುವುದು, ಊಟ ಸೇರದಿರುವುದು ಮೊದಲ ವಾರಗಳಲ್ಲಿ ಬಹಳ ಜನರಿಗೆ ಇರುತ್ತದೆ. ಹೆಚ್ಚಿನವರು ನಿಧಾನಕ್ಕೆ ಸುಧಾರಿಸುತ್ತಾರೆ. ತಿಂಗಳು ಕಳೆದರೂ ಕಡಿಮೆಯಾಗದೆ ದಿನದ ಕೆಲಸವೇ ಆಗುತ್ತಿಲ್ಲ ಅಂದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುತ್ತಾರೆ. ಯಾವ ವಾರ ಅಂತ ಮೊದಲೇ ವಿಚಾರಿಸಿ ಬರೆದಿಡಿ.

ಸಾಯುವ ಮಾತಾಡಿದವರನ್ನು ನೇರವಾಗಿಯೇ ಕೇಳಿ: "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ ಅಣ್ಣಾ?" ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವುದು ತಪ್ಪು. ಯಾರಾದರೂ ಕೇಳಿದರಲ್ಲ ಅಂತ ಹೆಚ್ಚಿನವರಿಗೆ ಹಗುರಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಕೈಗೆ ಸಿಗದ ಹಾಗೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅವರ ಪಕ್ಕ ಕೂತು ನೀವೇ ನಂಬರ್ ಒತ್ತಿ ಕೊಡಿ. ತಕ್ಷಣದ ಅಪಾಯ ಇದ್ದರೆ 112.

ನಿಮ್ಮನ್ನು ನೋಡಿಕೊಳ್ಳುವುದು

ಆರು ಗಂಟೆಯ ಪಾಳಿ, ಮೂರು ದಿನಕ್ಕೊಂದು ರಜೆ, ರಜೆ ಕಡ್ಡಾಯ. 2018ರಲ್ಲಿ ನಾನು ಹತ್ತು ದಿನ ಮನೆಗೆ ಹೋಗದೆ, ಕೊನೆಗೆ ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಅಡುಗೆಯವರ ಮೇಲೆ ಕೂಗಾಡಿದೆ. ಅವರೂ ಮನೆ ಕಳೆದುಕೊಂಡವರೇ. ದಣಿದವರು ಅಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಒಳ್ಳೆಯದು. ಈಗ ಪಾಳಿ ಮುಗಿದ ಮೇಲೆ ಎಲ್ಲರೂ ಚಹಾಕ್ಕೆ ಸೇರುತ್ತೇವೆ. ಮಾತಾಡುವವರು ಮಾತಾಡುತ್ತಾರೆ, ಬೇಡದವರು ಸುಮ್ಮನೆ ಕೂರುತ್ತಾರೆ. ನಮ್ಮ ಜೀಪಿನ ಹುಡುಗ ಒಂದು ವಾರ ಮಾತೂ ಆಡದೆ ಊಟವೂ ಮಾಡದೆ ಇದ್ದಾಗ ನಿವೃತ್ತ ನರ್ಸ್ ಅಕ್ಕ ಅವನನ್ನು ತಮ್ಮ ಮನೆಗೇ ಕರೆದುಕೊಂಡು ಹೋಗಿ ಎರಡು ದಿನ ಇಟ್ಟುಕೊಂಡರು.

ಮೂರನೇ ವಾರದ ನಂತರ

ಮೊದಲ ವಾರ ಲಾರಿಗಟ್ಟಲೆ ಬಟ್ಟೆ, ಬಿಸ್ಕತ್ತು ಬರುತ್ತದೆ. ಮೂರನೇ ವಾರಕ್ಕೆ ಒಬ್ಬರೂ ಇರುವುದಿಲ್ಲ. ಕೇಂದ್ರ ಮುಚ್ಚುತ್ತದೆ, ಜನ ಬಾಡಿಗೆ ಮನೆಗೆ, ನೆಂಟರ ಮನೆಗೆ ಚದುರುತ್ತಾರೆ. ನಿಜವಾ‌ದ ಒಂಟಿತನ ಶುರುವಾಗುವುದು ಆಗ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಅಂತ ಕಟ್ಟಿದ ಜಂಬೂರು, ಮದೆನಾಡಿನ ಹೊಸ ಮನೆಗಳ ಕೀ ಜನರ ಕೈಗೆ ಬಂದದ್ದು 2020ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ. ಅಷ್ಟರಲ್ಲಿ ಅಕ್ಕಪಕ್ಕದವರು ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದ ಹಾಗೆ ಆಗಿತ್ತು.

ಅದಕ್ಕೆ ಕೇಂದ್ರ ಮುಚ್ಚುವ ಮುಂಚೆಯೇ ಒಪ್ಪಿಗೆ ಕೇಳಿ ಫೋನ್ ನಂಬರ್ ಬರೆದುಕೊಳ್ಳಿ. ಮೂರನೇ ವಾರ, ಮೂರನೇ ತಿಂಗಳು, ಮುಂದಿನ ವರ್ಷದ ಮೊದಲ ಜೋರು ಮಳೆ, ಈ ಮೂರು ಸಲ ಹೋಗಲೇಬೇಕು. ಸಾಧ್ಯವಾದರೆ ಒಂದೇ ಊರಿನವರನ್ನು ತಿಂಗಳಿಗೊಮ್ಮೆ ಎಲ್ಲಾದರೂ ಸೇರಿಸಿ. ಭಾಷಣ ಬೇಡ, ಅವಲಕ್ಕಿ ಚಹಾ ಸಾಕು.

ಮೊದಲ ಮಳೆಯ ವಿಷಯ ಬೇರೆ ಊರಿನವರಿಗೆ ಅರ್ಥವಾಗುವುದು ಕಷ್ಟ. ತಗಡಿನ ಮೇಲೆ ಮಳೆ ಜೋರಾದರೆ ಸಾಕು, ಎದ್ದು ಕೂರುತ್ತಾರೆ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜರಿದಾಗ ನಮ್ಮ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಅವತ್ತೇ ಫೋನ್ ಮಾಡಿದೆವು. "ಹೇಗಿದ್ದೀರಿ, ಮಳೆ ಹೇಗಿದೆ ಅಲ್ಲಿ" ಅಂತ ಅಷ್ಟೇ.

ಅಜ್ಜಿಯ ಬಾಡಿಗೆ ಮನೆಗೂ ಮೂರನೇ ವಾರ ಹೋದೆ. ಹೋಗಲು ಕಾಲು ಬರುತ್ತಿರಲಿಲ್ಲ. "ಗೊತ್ತಿಲ್ಲದೆ ಹೇಳಿಬಿಟ್ಟೆ ಅಜ್ಜಿ, ತಪ್ಪಾಯ್ತು" ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಲೆ ಅಡಿಕೆಯ ಹರಿವಾಣವನ್ನು ನನ್ನ ಕಡೆ ಸರಿಸಿದರು. ಮುಂದಿನ ಜೂನ್‌ನಲ್ಲಿ ಹೋದಾಗ ಮನೆ ಹಿಂದೆ ಒಂದು ಕರು ಇತ್ತು. ಅಜ್ಜಿ ನನ್ನ ಕೈಗೆ ಹಗ್ಗದ ಒಂದು ತುದಿ ಕೊಟ್ಟು, ಗೂಟಕ್ಕೆ ಹಾಕುವ ಗಂಟು ತೋರಿಸಿದರು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟು. "ಇದನ್ನು ನಿಮ್ಮ ಪುಸ್ತಕದಲ್ಲಿ ಬರೀರಿ ಟೀಚರೇ" ಅಂದರು.

ಬರೆದಿದ್ದೇವೆ. ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ನಮ್ಮ ತಂಡ ಸೇರುತ್ತದೆ. ನಂಬರ್‌ಗಳಿಗೆಲ್ಲ ಒಂದು ಸಲ ಫೋನ್ ಮಾಡಿ ನೋಡುತ್ತೇವೆ, ಚಾರ್ಜರ್, ಟಾರ್ಚು ಪರೀಕ್ಷೆ ಮಾಡುತ್ತೇವೆ. ಆಮೇಲೆ ಇಬ್ಬರಿಬ್ಬರಾಗಿ ಗುಡ್ಡದ ಬುಡದ ಮನೆಗಳಿಗೆ ಹೋಗುತ್ತೇವೆ. ಮನೆಯವರಿಗೆ ಓದಿ ಹೇಳುವ ಹಾಳೆಯಲ್ಲಿ ಆಧಾರ್, ಮಾತ್ರೆ, ಟಾರ್ಚಿಗಿಂತ ಮೇಲೆ, ಮೊದಲನೇ ಸಾಲಿನಲ್ಲಿ ಇರುವುದು ಇದು: ಜೋರು ಮಳೆಯ ರಾತ್ರಿ ದನಕ್ಕೆ ಜಾರುಗಂಟು ಹಾಕಿ.